ಹಸು ಬಿಟ್ಟ ಸೊಪ್ಪು

ನಮ್ಮತ್ತೆ ಜಯಲಕ್ಷ್ಮಮ್ಮ ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ಬರಿಗಾಳಿಯಲ್ಲಿ ಸೊಪ್ಪು ಕೀಳುತ್ತಿದ್ದರು. ಕಿತ್ತದ್ದನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಮುಖ ಕೆಂಪಗೆ ಕಾದಿತ್ತು. ನಾನು ಯಾರೆಂದು ಗೊತ್ತಾಗುತ್ತಿರಲಿಲ್ಲ.

"ಬೆರಕೆ ಸೊಪ್ಪಿನ ಸಾರು ಉಂಡವ್ರೆ ಸಾರ್," ಎಂದು ನನ್ನ ಗಂಡ ಗಿರೀಶ ಡಾಕ್ಟರಿಗೆ ಹೇಳಿದರು. "ಅವ್ವನೇ ಕಿತ್ತಿರ್ತದೆ. ಅವ್ವಂಗೆ ಗೊತ್ತಿಲ್ದಿರೊ ಸೊಪ್ಪೇ ಇಲ್ಲ."

"ಹೊಲಕ್ಕೆ ಹೊಡೆದ ಔಷಧಿಯ ವಿಷವೋ, ಗಿಡದ್ದೇ ವಿಷವೋ? ಒಂದಕ್ಕೆ ಕೊಡೋ ಇಂಜೆಕ್ಷನ್ ಇನ್ನೊಂದಕ್ಕೆ ಕೊಟ್ರೆ ಪ್ರಾಣಕ್ಕೇ ಅಪಾಯ. ಬೇಗ ತಿಳ್ಕೊಂಡು ಹೇಳಿ," ಅಂದರು ಡಾಕ್ಟರು.

ಕಿತ್ತವಳು ನಾನು. ಕೆ.ಆರ್. ಪೇಟೆಯ ಅಂಗಡಿ ಬೀದಿಯಲ್ಲಿ ಬೆಳೆದವಳು. ಪಾಲಹಳ್ಳಿಗೆ ಸೊಸೆಯಾಗಿ ಬಂದು ಮೂರೇ ವರ್ಷ, ಬದುವಿನ ಸೊಪ್ಪೆಲ್ಲ ಗೊತ್ತೆಂಬ ಜಂಬ ಬೇರೆ. ಅಲ್ಪವಿದ್ಯೆ ಮಹಾಗರ್ವಿ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಬೆಳಿಗ್ಗೆ ಅತ್ತೆಯನ್ನು ಕರೆಯದೆ ಒಬ್ಬಳೇ ಹೋಗಿ, ಅಣ್ಣೆ, ಗಣಿಕೆ, ಕಿರಕಸಾಲೆ ಎಂದು ಹೆಸರು ಹೇಳಿಕೊಂಡೇ ಮಡಿಲು ತುಂಬಿಸಿದ್ದೆ. ಒಂದರ ಹೆಸರು ಮಾತ್ರ ಗೊತ್ತಿರಲಿಲ್ಲ. ಎಳೆಯದಾಗಿತ್ತು, ಹಾಕಿಬಿಟ್ಟೆ. ಶನಿವಾರ ನನಗೆ ಒಪ್ಪತ್ತು, ಗಿರೀಶ ಕೆಲಸಕ್ಕೆ ಹೋಗಿದ್ದರು. ಉಂಡವರು ಅತ್ತೆ ಒಬ್ಬರೇ.

ಗಂಡನೆದುರು ಬಾಯಿ ಬರಲಿಲ್ಲ. "ಮನೇಲಿ ನೋಡ್ಕಂಡ್ ಬರ್ತೀನಿ" ಎಂದು ಆಟೋ ಹತ್ತಿದೆ. ಅತ್ತೆ ಸತ್ತರೆ ಕೊಂದವಳು ನಾನೇ ಎಂದು ದಾರಿಯುದ್ದಕ್ಕೂ ಅಳುತ್ತಿದ್ದೆ.

ಸೊಪ್ಪು ಬೇಯಿಸಿ ಮಸೆದಾಗಿತ್ತು, ಅದರಲ್ಲಿ ಎಲೆಯ ಗುರುತು ಎಲ್ಲಿಂದ ಬರಬೇಕು. ಸೋಸಿದ ಕಡ್ಡಿಯನ್ನು ಹಸುವಿನ ಗೋದಲಿಗೆ ಸುರಿದದ್ದು ನೆನಪಾಗಿ ಕೊಟ್ಟಿಗೆಗೆ ಓಡಿದೆ. ಹಸು ಎಲ್ಲವನ್ನೂ ತಿಂದು ನೆಕ್ಕಿತ್ತು. ಮೂಲೆಯಲ್ಲಿ ನಾಲ್ಕು ಕಡ್ಡಿ ಮಾತ್ರ ಹಾಗೇ ಬಿದ್ದಿದ್ದವು, ತುದಿಯಲ್ಲಿ ಒಂದೆರಡು ಎಲೆ. ಫೋನಿಗೆ ತೋರಿಸಿದರೆ ಅದು ಮೂರು ಹೆಸರು ಹೇಳಿತು, ಅದರಲ್ಲೊಂದು ಬದನೆ. ಪಕ್ಕದ ಮನೆಯ ಕುರಿ ಕಾಯುವ ಮಾಯಣ್ಣನ ಕೈಗೆ ಕೊಟ್ಟೆ. ಅವರು ಎಲೆ ಹಿಸುಕಿ ಮೂಸಿದರು.

"ಉಮ್ಮತ್ತಿ ಮರಿ ಕಣವ್ವ. ಊವೋ ಮುಳ್ಕಾಯೋ ಬಂದಿದ್ರೆ ಮಕ್ಳೂ ಹೇಳ್ತವೆ. ಎಳೇದ್ರಲ್ಲಿ ಯಾಮಾರಿದ್ದೀಯ. ದನಕ್ಕೆ ಗೊತ್ತಾಯ್ತು ನೋಡು."

ಅಲ್ಲಿಂದಲೇ ಗಿರೀಶರಿಗೆ ಫೋನು ಮಾಡಿ, ದತ್ತೂರಿಯಂತೆ, ಡಾಕ್ಟರಿಗೆ ಹೇಳಿ ಎಂದೆ. ಕಡ್ಡಿ ಹಿಡಿದುಕೊಂಡು ಆಸ್ಪತ್ರೆಗೆ ಬರುವಷ್ಟರಲ್ಲಿ ಇಂಜೆಕ್ಷನ್ ಕೊಟ್ಟಿದ್ದರು. ಅತ್ತೆ ಇನ್ನೂ ಸೊಪ್ಪು ಕೀಳುತ್ತಲೇ ಇದ್ದರು.

ಮರುದಿನ ಮಧ್ಯಾಹ್ನ ಅವರಿಗೆ ನನ್ನ ಗುರುತು ಸಿಕ್ಕಿತು. ಗಿರೀಶ ಪಕ್ಕದಲ್ಲೇ ಇದ್ದರು. ಇನ್ನು ತಡೆಯಲಾಗಲಿಲ್ಲ.

"ಅತ್ತೆ ಕಿತ್ತಿದ್ದಲ್ಲ ಕಣ್ರೀ. ನಾನೇ ಕಿತ್ತಿದ್ದು."

ಗಿರೀಶ ಎದ್ದು ಆಚೆ ಹೋದರು. ಅತ್ತೆ ನನ್ನ ಕೈ ಹಿಡಿದು ಎಳೆದರು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು.

"ನೀನೂ ಉಂಡ್ಯೇನವ್ವ ಹೇಮ?"

"ಇಲ್ಲ ಅತ್ತೆ."

"ಸದ್ಯ ಬುಡು," ಅಂದರು.