ಡಬ್ಬಿ ಸಿಗೋ ತನಕ

ಗಂಡ ಹೆಂಡಿರ ಜಗಳ ಡಬ್ಬಿ ಸಿಗೋ ತನಕ. ಗಾದೆಯಲ್ಲಿ ‘ಉಂಡು ಮಲಗೋ ತನಕ’ ಅಂತ ಇದೆಯಲ್ಲ ಎಂದು ತಕರಾರು ತೆಗೆಯಬೇಡಿ. ಗಾದೆ ಕಟ್ಟಿದವರು ನಮ್ಮ ಅಣ್ಣ ಅತ್ತಿಗೆಯನ್ನು ನೋಡಿರಲಿಲ್ಲ. ಇನ್ನು ಆ ಜಗಳದಲ್ಲಿ ಕೂಸು ಬಡವಾಗಲೂ ಇಲ್ಲ, ಅವರಿಗೆ ಕೂಸೇ ಇರಲಿಲ್ಲ. ಬಡವಾದವನು ಮೈದುನ, ಅಂದರೆ ನಾನು. ಹೇಳಹೊರಟಿರುವುದು ನಿಜವಾಗಿ ನಡೆದದ್ದು. ಜಾಹೀರಾತುಗಳಿಗೆ ದನಿ ಕೊಡುವುದು ನನ್ನ ಕಸುಬು. ಮಂಡಿನೋವಿನ ಮುಲಾಮಿಗೆ ಮುದುಕನಾಗಿ ನರಳುತ್ತೇನೆ, ಬಿಸ್ಕತ್ತಿಗೆ ಮಗುವಾಗಿ ಹಟ ಹಿಡಿಯುತ್ತೇನೆ. ಸಂಬಳಕ್ಕೇ ಇಷ್ಟು ಸುಳ್ಳು ಹೇಳುವವನು ಬಿಟ್ಟಿಯಾಗಿ ಯಾಕೆ ಹೇಳಲಿ?

ಅಣ್ಣ ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿದ್ದ. ಅತ್ತಿಗೆ ಶಾಲೆಯಲ್ಲಿ ಪಿ.ಟಿ. ಟೀಚರ್. ಒಬ್ಬರದು ಬಾಯಿ ಕಟ್ಟುವ ಕೆಲಸ, ಇನ್ನೊಬ್ಬರದು ಬಾಯಿ ಮಾಡುವ ಕೆಲಸ. ಇಬ್ಬರಿಗೂ ಸೇರಿ ಅಂಟಿಕೊಂಡ ಹುಚ್ಚು ಲೆಟರ್‌ಬಾಕ್ಸಿಂಗ್. ಹೆಸರು ಕೇಳಿ ಮೋಸಹೋಗಬೇಡಿ; ಅದರಲ್ಲಿ ಲೆಟರೂ ಇಲ್ಲ, ಬಾಕ್ಸಿಂಗೂ ಇಲ್ಲ. ನೀರು ಹೋಗದಂಥ ಪುಟ್ಟ ಡಬ್ಬಿಯೊಳಗೆ, ರಬ್ಬರಿನಲ್ಲಿ ತಾವೇ ಕೆತ್ತಿದ ಒಂದು ಮೊಹರನ್ನೂ ಸಣ್ಣದೊಂದು ಪುಸ್ತಕವನ್ನೂ ಇಟ್ಟು ಊರಿನ ಯಾವುದೋ ಸಂದಿಯಲ್ಲಿ ಅಡಗಿಸುತ್ತಾರೆ. ಸುಳಿವನ್ನು ಒಗಟಿನ ಹಾಗೆ ಬರೆದು ಹಂಚುತ್ತಾರೆ. ಹುಡುಕಿ ತೆಗೆದವರು ಡಬ್ಬಿಯ ಮೊಹರನ್ನು ತಮ್ಮ ಪುಸ್ತಕದಲ್ಲಿ, ತಮ್ಮ ಮೊಹರನ್ನು ಡಬ್ಬಿಯ ಪುಸ್ತಕದಲ್ಲಿ ಒತ್ತಿ, ಎಲ್ಲಿತ್ತೋ ಅಲ್ಲೇ ಇಟ್ಟು ಬರುತ್ತಾರೆ. ಅಷ್ಟೇ.

“ಬಹುಮಾನ ಏನು?” ಎಂದು ನಾನೊಮ್ಮೆ ಕೇಳಿದ್ದೆ.

“ಕಾಲು ನೋವು,” ಎಂದಿದ್ದ ಅಣ್ಣ.

ಅವರಿಬ್ಬರ ಮೊಹರು ಒಂದು ಜೊತೆ ಚಪ್ಪಲಿ. ಒಂದನ್ನು ಅಣ್ಣ ಕೆತ್ತಿದ, ಇನ್ನೊಂದನ್ನು ಅತ್ತಿಗೆ. ರಬ್ಬರಿನಲ್ಲಿ ಕೆತ್ತಿದ್ದು ಕಾಗದದ ಮೇಲೆ ಎಡಬಲ ತಿರುಗಿ ಬೀಳುತ್ತದೆ ಎನ್ನುವುದನ್ನು ಅತ್ತಿಗೆ ಮರೆತಿದ್ದರಿಂದ ಎರಡೂ ಎಡಗಾಲಿನವೇ ಆದವು. ಇನ್ನೊಂದು ಕೆತ್ತಲು ಅಣ್ಣ ಬಿಡಲಿಲ್ಲ. “ಇರ್ಲಿ ಬಿಡೇ, ಸರಿಯಾದ ಜೋಡಿ ಊರ ತುಂಬಾ ಇದಾವೆ,” ಎಂದ. ಆ ಎರಡು ಎಡಗಾಲುಗಳು ಎಷ್ಟೋ ಡಬ್ಬಿಗಳಲ್ಲಿ ಅಕ್ಕಪಕ್ಕ ನಿಂತವು. ಅವುಗಳ ಹಿಂದೆಮುಂದೆ ಇತರರ ಗುರುತುಗಳು: ಒಂದು ಆಮೆ, ಒಂದು ಕೊಡೆ, ಒಂದು ಗೂಬೆ. ಮುಖ ನೋಡಿರಲಿಲ್ಲ, ಆದರೂ ಅವರೆಲ್ಲ ನೆಂಟರಿಗಿಂತ ಹತ್ತಿರ. “ನೋಡ್ರೀ, ಮತ್ತೆ ಆಮೆ ನಮಗಿಂತ ಮೊದಲು ಬಂದುಹೋಗಿದೆ!” ಎಂದು ಅತ್ತಿಗೆ ಹಲ್ಲು ಕಡಿಯುತ್ತಿದ್ದರು. ಊಟದ ಹೊತ್ತಿಗೆ ಇಬ್ಬರೂ ಗೂಬೆಯ ಆರೋಗ್ಯ ಹೇಗಿದೆಯೋ, ಈಚೆಗೆ ಮೊಹರು ಮಸುಕಾಗಿ ಬೀಳುತ್ತಿದೆಯಲ್ಲ ಎಂದು ಚಿಂತಿಸುತ್ತಿದ್ದರು.

ಈ ಆಟದಲ್ಲಿ ಒಂದು ಕಷ್ಟವಿದೆ. ಡಬ್ಬಿ ತೆಗೆಯುವುದನ್ನು ದಾರಿಹೋಕರು ನೋಡಬಾರದು. ನೋಡಿದರೆ ಮಾರನೇ ದಿನ ಡಬ್ಬಿ ಇರುವುದಿಲ್ಲ. ಉಳಿದವರು ಷೂ ಲೇಸ್ ಕಟ್ಟುವ ನಾಟಕ ಆಡುತ್ತಾರೆ. ಅಣ್ಣ ಅತ್ತಿಗೆ ಜಗಳ ಆಡುತ್ತಿದ್ದರು. ಗಂಡ ಹೆಂಡತಿ ಬೀದಿಯಲ್ಲಿ ಕಿತ್ತಾಡಿದರೆ ಮರ್ಯಾದಸ್ಥರು ಮುಖ ತಿರುಗಿಸುತ್ತಾರೆ ತಾನೆ? ಅತ್ತಿಗೆ ದನಿ ಏರಿಸುತ್ತಿದ್ದರು, ಅಣ್ಣ ಮುನಿಸಿಕೊಂಡವನ ಹಾಗೆ ಬೆನ್ನು ತಿರುಗಿಸಿ ಕುಸಿದು ಕೂರುತ್ತಿದ್ದ, ಅವನ ಕೈ ಮಾತ್ರ ಸದ್ದಿಲ್ಲದೆ ಸಂದಿಯೊಳಗೆ ಹೋಗುತ್ತಿತ್ತು. ಡಬ್ಬಿ ಚೀಲಕ್ಕೆ ಬಿದ್ದ ಕ್ಷಣ ಜಗಳ ಮಂಗಮಾಯ. ಮನೆಯಲ್ಲಿ ಅವರು ನಿಜವಾಗಿ ಜಗಳ ಆಡಿದ್ದನ್ನು ನಾನು ಕಂಡದ್ದಿಲ್ಲ. ಇದ್ದ ಜಗಳವೆಲ್ಲ ಬೀದಿಯಲ್ಲೇ ಖರ್ಚಾಗುತ್ತಿತ್ತೋ ಏನೋ.

ಅಣ್ಣ ಲ್ಯಾಬಿನಲ್ಲಿ, ಯಾರದೋ ಮೇಲ್ದವಡೆಯನ್ನು ಕೈಯಲ್ಲಿ ಹಿಡಿದುಕೊಂಡೇ, ಸ್ಟೂಲಿನಿಂದ ಕೆಳಗೆ ಬಿದ್ದ. ಹೃದಯ ನಿಂತಿತ್ತು. ಅವನ ಕೋಟಿನ ಜೇಬಿನಲ್ಲಿ ಮಾತ್ರೆಗಳಿದ್ದವು. ಡಾಕ್ಟರನ್ನು ವಿಚಾರಿಸಿದಾಗ ವಿಷಯ ಹೊರಬಿತ್ತು: ಅವರು ಎಷ್ಟೋ ತಿಂಗಳ ಹಿಂದೆಯೇ ಎಚ್ಚರಿಸಿದ್ದರಂತೆ, ಹೆಚ್ಚು ನಡೆಯಬೇಡಿ, ಎತ್ತರ ಹತ್ತಬೇಡಿ ಎಂದು. ಅಣ್ಣ ಯಾರಿಗೂ ಬಾಯಿಬಿಟ್ಟಿರಲಿಲ್ಲ. ಹೇಳದೆಯೇ ಅತ್ತಿಗೆಯ ಜೊತೆ ಡಬ್ಬಿ ಹುಡುಕಿಕೊಂಡು ಬೆಟ್ಟ ಹತ್ತಿದ್ದ.

ಆಗ ಮನೆಗೆ ಅಪರಿಚಿತರು ಬರತೊಡಗಿದರು. ಬಾಗಿಲು ತೆರೆದರೆ ದಪ್ಪ ಕನ್ನಡಕದ, ನರೆತ ಮೀಸೆಯ ಒಬ್ಬರು ಕೈ ಜೋಡಿಸಿ ನಿಂತಿದ್ದರು. “ನಾನು... ಆಮೆ,” ಎಂದರು; ಸುಳಿವು ಹಂಚುವ ಗುಂಪಿನಲ್ಲಿ ಸುದ್ದಿ ಓದಿದ್ದರಂತೆ. ಅವರ ಹಿಂದೆ ಗಂಡ ಹೆಂಡತಿ. “ಇವರು ನಮ್ಮನೆಯವರು. ನಾವಿಬ್ರೂ ಕೊಡೆ,” ಎಂದರು ಹೆಂಡತಿ. ಬೇರೆ ದಿನವಾಗಿದ್ದರೆ ನಾನು ಬಿದ್ದುಬಿದ್ದು ನಗುತ್ತಿದ್ದೆ. ಕೊಡೆಯ ಹೆಂಗಸು ಅತ್ತಿಗೆಯ ಕೈ ಹಿಡಿದು ಅತ್ತರು. ಅತ್ತಿಗೆ ಅಳಲಿಲ್ಲ. ಅವರು ಆಮೆಗೆ ನೀರು ಕೊಟ್ಟು, “ಗೂಬೆ ಬರ್ಲಿಲ್ವಾ?” ಎಂದು ಕೇಳಿದರು.

ಆಮೇಲೂ ಅಳಲಿಲ್ಲ. ಒಮ್ಮೆ ಮಾತ್ರ, ಮಾತ್ರೆಯ ಪಟ್ಟಿಯನ್ನು ಬೆರಳಲ್ಲಿ ತಿರುಗಿಸುತ್ತ, “ಎದುರಿಗಿಲ್ಲದವರ ಜೊತೆ ಹೇಗೋ ಜಗಳ ಆಡೋದು?” ಎಂದರು. ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ಅವರು ಬೆಚ್ಚಿ ಗೋಡೆಗೆ ಒರಗಿದರು.

ಕಾರಣ ನನ್ನ ದನಿ. ನನ್ನದೂ ಅಣ್ಣನದೂ ಒಂದೇ ದನಿ, ಅಮ್ಮನಿಗೇ ಗುರುತು ಸಿಗುತ್ತಿರಲಿಲ್ಲ. ಫೋನಿನಲ್ಲಿ ಅಣ್ಣನಾಗಿ ಅತ್ತಿಗೆಯನ್ನು ಗೋಳುಹೊಯ್ದುಕೊಳ್ಳುವುದು ನನಗೆ ನಿತ್ಯದ ಆಟವಾಗಿತ್ತು. ಈಗ ನಾನು ಬಾಯಿ ಬಿಟ್ಟರೆ ಸಾಕು, ಸ್ವಂತ ಗಂಟಲೇ ಅಣ್ಣನ ಮಿಮಿಕ್ರಿ. “ಏನಿದ್ರೂ ಮೆಸೇಜ್ ಮಾಡು, ಮಾತಾಡ್ಬೇಡ. ನನ್ನ ಕೈಲಾಗಲ್ಲ,” ಎಂದರು ಅತ್ತಿಗೆ. ಅವರನ್ನು ನೋಡಲು ಹೋದಾಗ ಬೇರೆಯವರ ದನಿ ತೊಟ್ಟುಕೊಂಡು ಹೋಗುತ್ತಿದ್ದೆ. ಒಂದು ದಿನ ಲಾರಿ ಡ್ರೈವರ್, ಒಂದು ದಿನ ಮೂಗಿನಲ್ಲಿ ಮಾತಾಡುವ ಗುಮಾಸ್ತ. ಮುಲಾಮಿನ ಮುದುಕನಾಗಿ “ಊಟ ಆಯ್ತೇನಮ್ಮಾ?” ಎಂದು ಕೇಳುತ್ತಿದ್ದೆ. ಅವರು ತುಟಿ ಅರಳಿಸುತ್ತಿದ್ದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದೆ. ಅಣ್ಣ ಹೋದ, ಜೊತೆಗೆ ನನ್ನ ದನಿಯನ್ನೂ ತೆಗೆದುಕೊಂಡು ಹೋದ.

ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆಯೇ ಫೋನ್ ಮಾಡಿದರು. ನಾನು ಗಡಿಬಿಡಿಯಲ್ಲಿ ಲಾರಿ ಡ್ರೈವರನಾದೆ.

“ಹಳೇ ಬಸ್ ನಿಲ್ದಾಣ ಕೆಡವ್ತಾರಂತೆ,” ಎಂದರು. “ಅಲ್ಲಿ ನಮ್ಮದೊಂದು ಡಬ್ಬಿ ಇದೆ. ಅದರ ಮೊಹರು ನಿಮ್ಮಣ್ಣ ಕೆತ್ತಿದ್ದು, ಹಲ್ಲು ಕಿರೀತಿರೋ ಬಸ್ಸು. ಅದು ಕಲ್ಲುಮಣ್ಣಿಗೆ ಹೋಗ್ಬಾರ್ದು.”

“ಈಗ್ಲೇ ಹೋಗಿ ತರ್ತೀನಿ ಅಮ್ಮೋರೇ.”

“ಒಬ್ಬನೇ ಅಲ್ಲ. ಅಲ್ಲಿ ಜನ ಯಾವಾಗ್ಲೂ ಇರ್ತಾರೆ, ಜಗಳ ಆಡ್ಲೇಬೇಕು.” ಆಮೇಲೆ ದನಿ ತಗ್ಗಿಸಿದರು. “ಅವರ ದನೀಲೇ ಆಡ್ತೀಯಾ?”

“ಅತ್ತಿಗೆ, ನಿಮ್ಮ ಕೈಲಾಗುತ್ತಾ?”

“ನೋಡೋಣ,” ಎಂದರು.

ನಿಲ್ದಾಣದ ಟಿಕೆಟ್ ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಕೊನೆಯ ಸಿಮೆಂಟ್ ಬೆಂಚಿನ ಹಿಂದೆ, ಗೋಡೆಯಲ್ಲಿ ಒಂದು ಸಡಿಲ ಇಟ್ಟಿಗೆ. ಡಬ್ಬಿ ಅದರ ಹಿಂದೆ. ಬೆಂಚುಗಳ ಮೇಲೆ ಕೋಲು ಹಿಡಿದ ಒಬ್ಬ ಅಜ್ಜಿ, ಪೇಪರ್ ಓದುವ ಗಂಡಸು, ಇನ್ನೂ ನಾಲ್ಕಾರು ಮಂದಿ. ಬಸ್ಸಿಗೆ ಒರಗಿ ಡ್ರೈವರ್ ಚಹಾ ಕುಡಿಯುತ್ತಿದ್ದ. ಅತ್ತಿಗೆ ಸೊಂಟಕ್ಕೆ ಕೈ ಕೊಟ್ಟರು.

“ಛತ್ರಿ ಎಲ್ರೀ?”

“ಯಾವ ಛತ್ರಿ?” ಎಂದೆ. ಏನೂ ನಟಿಸಬೇಕಾಗಲಿಲ್ಲ, ಬಾಯಿ ತೆರೆದೆ ಅಷ್ಟೇ. ಅತ್ತಿಗೆಯ ಗಲ್ಲ ಅದುರಿತು. ಆದರೂ ಬಿಡಲಿಲ್ಲ.

“ಯಾವ ಛತ್ರೀನಾ? ಮನೇಲಿರೋದೇ ಒಂದು!”

“ಎರಡು ಕಣೇ. ಇನ್ನೊಂದು ನಾನು.”

ಪೇಪರಿನ ಗಂಡಸು ಪೇಪರನ್ನು ಮುಖಕ್ಕೆ ಏರಿಸಿದ. ಉಳಿದವರು ಆಕಾಶ ನೋಡಿದರು. ಎಲ್ಲವೂ ಅಂದುಕೊಂಡ ಹಾಗೆಯೇ. ನಾನು ಮುನಿಸಿಕೊಂಡು ಬೆನ್ನು ತಿರುಗಿಸಿ ಕೂತು, ಕೈಯನ್ನು ಇಟ್ಟಿಗೆಯತ್ತ ಚಾಚಿದೆ.

“ಡಾಕ್ಟರ್ ಹತ್ರ ಹೋಗಿದ್ದು ಯಾಕ್ರೀ ಹೇಳ್ಲಿಲ್ಲ?”

ಕೈ ಅಲ್ಲೇ ನಿಂತಿತು.

“ಗ್ಯಾಸು ಅಂದ್ರಿ. ಬೆಟ್ಟದ ನಡುವೆ ಕೂತ್ಕೊಂಡು ಗ್ಯಾಸು ಅಂದ್ರಿ! ನಾನು ಸೋಡಾ ಕೊಟ್ಟೆ. ಏಳ್ರೀ, ಆಮೆ ನಮಗಿಂತ ಮುಂಚೆ ತಲುಪಿಬಿಡುತ್ತೆ ಅಂತ ಸೀಟಿ ಊದಿದೆ. ಎದೆ ಹಿಡ್ಕೊಂಡು ಕೂತಿದ್ದವರ ಮುಂದೆ ಸೀಟಿ ಊದಿದೆ ಕಣ್ರೀ ನಾನು!”

ಪೇಪರ್ ಕೆಳಗಿಳಿಯಿತು. ಸುಳ್ಳು ಜಗಳಕ್ಕೆ ಮುಖ ತಿರುಗಿಸಿದ್ದ ಜನ ಈಗ ಎದ್ದು ಹತ್ತಿರ ಬಂದರು. ನಾನೂ ಎದ್ದು ನಿಂತೆ. ಅಣ್ಣ ಏನು ಹೇಳುತ್ತಿದ್ದ ಎನ್ನುವುದಷ್ಟೇ ಗೊತ್ತಿತ್ತು.

“ಹೇಳಿದ್ರೆ ನನ್ನ ನಡೆಯೋಕೆ ಬಿಡ್ತಿರ್ಲಿಲ್ಲ ನೀನು.”

“ಬಿಡ್ತಿರ್ಲಿಲ್ಲ! ಮನೇಲಿ ಕೂರಿಸ್ತಿದ್ದೆ! ಬದುಕಿರ್ತಿದ್ರಿ!”

ಅಜ್ಜಿ ಅತ್ತಿಗೆಯ ಭುಜ ಸವರಿ, “ಎದುರಿಗೇ ನಿಂತಿದ್ದಾನಲ್ಲಮ್ಮ. ಬದುಕೇ ಇದ್ದಾನೆ,” ಎಂದಳು.

ಅತ್ತಿಗೆ ಆ ಮಾತು ಕೇಳಿ ನನ್ನನ್ನೇ ನೋಡುತ್ತ ನಿಂತರು. ನಾನು ನೆಲ ನೋಡಿದೆ. ಅಜ್ಜಿ ಕೋಲಿನಿಂದ ನನ್ನ ಪಕ್ಕೆಗೆ ತಿವಿದಳು. “ಕಾಯಿಲೆ ಮುಚ್ಚಿಡ್ತೀಯೇನಯ್ಯಾ? ತಪ್ಪಾಯ್ತು ಅನ್ನು ಅವಳಿಗೆ.”

“ಅಂದ್ಬಿಡಿ ಸಾರ್,” ಎಂದ ಡ್ರೈವರ್. “ಇದು ಮುಗಿಯೋ ತನಕ ಇವರ್‍ಯಾರೂ ಬಸ್ ಹತ್ತಲ್ಲ.”

“ತಪ್ಪಾಯ್ತು ಕಣೇ,” ಎಂದೆ. “ಹೆದರಿಕೆ ಆಗಿತ್ತು.”

“ಹೆದರಿಕೆ ಆದಾಗ ಯಾರ ಹತ್ರ ಹೇಳ್ಬೇಕು?”

“ನಿನ್ನ ಹತ್ರ.”

“ಮತ್ತೆ?”

ಅತ್ತಿಗೆ ಬೆಂಚಿನ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಅಷ್ಟು ತಿಂಗಳ ಅಳು. ಅಜ್ಜಿ ಪಕ್ಕದಲ್ಲಿ ಕೂತು ಅವರ ಬೆನ್ನು ನೀವುತ್ತಿದ್ದಳು. ನನಗೆ ನಿಲ್ಲಲಾಗಲಿಲ್ಲ. ಬಂದ ಕೆಲಸವನ್ನಾದರೂ ಮುಗಿಸೋಣವೆಂದು ಹಿಂದಕ್ಕೆ ಬಗ್ಗಿ ಇಟ್ಟಿಗೆ ಎಳೆದೆ.

ಒಳಗೆ ಡಬ್ಬಿ ಇರಲಿಲ್ಲ. ಗಂಟಲು ಕೆರೆತಕ್ಕೆ ಚೀಪುವ ಮಾತ್ರೆಗಳ ಒಂದು ಹೊಸ ಪಟ್ಟಿ ಇತ್ತು.

“ಡಬ್ಬಿ ಇಲ್ಲ ಅತ್ತಿಗೆ!” ಎಂದು ಕಿರುಚಿದೆ.

“ಅತ್ತಿಗೆ?” ಎಂದಳು ಅಜ್ಜಿ. ಡ್ರೈವರನ ಲೋಟ ತುಟಿಯ ಹತ್ತಿರವೇ ನಿಂತಿತು.

ಅತ್ತಿಗೆ ಮೂಗು ಒರೆಸಿಕೊಂಡು ಚೀಲದ ಜಿಪ್ ಎಳೆದರು. ಡಬ್ಬಿ ಅದರಲ್ಲಿತ್ತು. “ನಿನ್ನೇನೇ ತಗೊಂಡೆ. ಕೇಳಿದ್ದಕ್ಕೆ ಕಾವಲುಗಾರನೇ ತೆಗೆದು ಕೊಟ್ಟ.”

“ಹಾಗಾದ್ರೆ ನನ್ನನ್ನ ಯಾಕೆ ಕರೆಸಿದ್ರಿ?”

“ಅವರ ಜೊತೆ ಜಗಳ ಬಾಕಿ ಇತ್ತು. ನೇರವಾಗಿ ಕೇಳಿದ್ರೆ ನೀನು ಲಾರಿ ಡ್ರೈವರ್ ಆಗ್ಬಿಡ್ತಿದ್ದೆ. ಫೋನಲ್ಲಿ ನನ್ನನ್ನ ಎಷ್ಟು ಸಲ ಮಂಗ ಮಾಡಿದ್ದೀಯಾ? ಒಂದ್ಸಲ ನೀನೂ ಆಗು. ಆ ಮಾತ್ರೆ ನಿನಗೇ ಅಂತ ಇಟ್ಟಿದ್ದು, ಬಾಯಿಗೆ ಹಾಕ್ಕೋ, ಗಂಟಲು ಕಟ್ಟಿದೆ.”

ಅಜ್ಜಿ ನಮ್ಮಿಬ್ಬರನ್ನೂ ನೋಡಿದಳು. “ಇವನು ಯಾರಮ್ಮ?”

“ಮೈದುನ.”

“ಮತ್ತೆ ಗಂಡ?”

“ಇಲ್ಲ ಅಜ್ಜಿ. ಹೋಗ್ಬಿಟ್ರು,” ಎಂದರು ಅತ್ತಿಗೆ. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಅಜ್ಜಿ ಅತ್ತಿಗೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆಮೇಲೆ ನನ್ನ ಪಕ್ಕೆ ನೋಡಿದಳು, ತನ್ನ ಕೋಲು ನೋಡಿದಳು.

“ಅಯ್ಯೋ, ಸುಮ್ಸುಮ್ನೆ ಯಾರದ್ದೋ ಮೈದುನನ್ನ ತಿವಿದ್ಬಿಟ್ನಲ್ಲ!”

ಮೊದಲು ಡ್ರೈವರ್ ಚಹಾ ಉಗುಳಿದ. ಪೇಪರಿನ ಗಂಡಸು ಪೇಪರಿನೊಳಗೇ ನಕ್ಕ. ಅತ್ತಿಗೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಅಳು ಇನ್ನೂ ಮುಗಿದಿರದೆಯೇ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಂಗನಾದ ನಾನು. ನಿಲ್ದಾಣದ ತಗಡಿನ ಮಾಡಿಗೆ ಬಡಿಯುವಷ್ಟು ಜೋರಾಗಿ, ಕಣ್ಣಿಂದ ನೀರು ಇಳಿಯುತ್ತಿದ್ದ ಹಾಗೆಯೇ. ಯಾರ ದನಿಯನ್ನೂ ಎರವಲು ತರಲು ಪುರುಸೊತ್ತಾಗಲಿಲ್ಲ. ಅತ್ತಿಗೆ ಬೆಚ್ಚಲಿಲ್ಲ.