ಖಾಲಿ ಮನೆಯ ಮುಂದಿನ ರಂಗೋಲಿ

ಇಟ್ಟಮಡುವಿನ ನಾರಾಯಣಮ್ಮ ದಿನಾ ಬೆಳಗ್ಗೆ ಪಕ್ಕದ ರಸ್ತೆಯ ಬಾಡಿಗೆ ಮನೆಯಿಂದ ನಡೆದು ಬಂದು, ಯಾರೂ ಇಲ್ಲದ ತಮ್ಮ ಸ್ವಂತ ಮನೆಯ ಮುಂದೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ಒಳಗೆ ರಿಪೇರಿ ನಡೆದಿತ್ತು. ನೆಲ ಅಗೆದಿದ್ದರು, ಅಡುಗೆಮನೆ ಒಡೆದಿದ್ದರು. ಸಾಮಾನನ್ನೆಲ್ಲ ಹಿಂದಿನ ಕೋಣೆಗೆ ತುಂಬಿ ಬೀಗ ಹಾಕಿದ್ದರು. ಮಗಳು ರಮ್ಯ ಮದುವೆಯಾದ ಮೇಲೆ ಹೂಡುವ ಸಂಸಾರಕ್ಕೆಂದು ತನ್ನ ಸಂಬಳದಲ್ಲಿ ಕೊಂಡಿದ್ದ ಫ್ರಿಜ್ಜು, ವಾಷಿಂಗ್ ಮಷೀನು, ರೇಷ್ಮೆ ಸೀರೆಗಳೂ ಅಲ್ಲೇ ಇದ್ದವು.

ರಂಗೋಲಿಯ ಉಪಾಯ ಅವರ ಯಜಮಾನರಾದ ಗಂಗಾಧರಯ್ಯನವರದು. ಮನೆ ಖಾಲಿ ಎಂದು ಕಳ್ಳರಿಗೆ ಗೊತ್ತಾಗಬಾರದಂತೆ. ಬಾಗಿಲಲ್ಲಿ ಹಳೇ ಚಪ್ಪಲಿ, ತಂತಿಯ ಮೇಲೆ ಒಂದೆರಡು ಸೀರೆಯನ್ನೂ ಇಡಿಸಿದ್ದರು.

ಎದುರುಮನೆ ಕಲ್ಯಾಣಿ ಹೋದ ವರ್ಷ ತನ್ನ ಮನೆ ರಿಪೇರಿ ಮಾಡಿಸಿದ್ದವಳು. ಸಾಮಾನಿಗೆ ಇನ್ಶೂರೆನ್ಸ್ ಇದೆಯಲ್ಲ, ಮನೆ ಬಿಟ್ಟಿರುವ ವಿಷಯ ಕಂಪನಿಗೆ ಬರೆದು ತಿಳಿಸಿ ಎಂದು ಹೇಳಿದ್ದಳು. ಗಂಗಾಧರಯ್ಯ ನಕ್ಕುಬಿಟ್ಟರು.

"ಖಾಲಿ ಇದೆ ಅಂತ ಡಂಗುರ ಹೊಡೀಬೇಕೇನಮ್ಮ? ಕಟ್ಟೋ ದುಡ್ಡು ಕಟ್ಟಿದೀವಿ, ಸುಮ್ನಿರು."

ಕಳ್ಳರು ರಂಗೋಲಿ ನೋಡಲು ಬರಲಿಲ್ಲ. ಹೊಸ ಕಿಟಕಿ ಕೂರಿಸಲೆಂದು ಕೆಲಸದವರು ಹಿಂದುಗಡೆ ಹಳೆಯದನ್ನು ತೆಗೆದು ಪ್ಲೈವುಡ್ ಬಡಿದಿದ್ದರು. ಒಂದು ರಾತ್ರಿ ಕಳ್ಳರು ಅದನ್ನು ಕಿತ್ತು ಒಳಗೆ ನುಗ್ಗಿದರು. ಕೋಣೆಯ ಬೀಗ ಮುರಿದು ರಮ್ಯಳ ಸಾಮಾನನ್ನೆಲ್ಲ ಹೊತ್ತುಕೊಂಡು ಹೋದರು.

ಪೊಲೀಸ್ ಕಂಪ್ಲೇಂಟ್ ಆಯಿತು. ನಷ್ಟ ಪರಿಶೀಲಿಸಲು ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಬಂದರು. ಮನೆಯನ್ನು ಎಷ್ಟು ಜೋಪಾನ ಮಾಡಿದ್ದೆವು ನೋಡಿ ಎಂದು ನಾರಾಯಣಮ್ಮ ಅವತ್ತಿನ ರಂಗೋಲಿಯನ್ನೂ ತೋರಿಸಿದರು.

"ರಾತ್ರಿ ಇಲ್ಲಿ ಯಾರು ಮಲಗ್ತಿದ್ರಿ ಅಮ್ಮ?" ಸರ್ವೇಯರ್ ಕೇಳಿದರು.

"ಯಾರೂ ಇಲ್ಲ ಸಾರ್. ನಾವು ಹೋಗಿ ಎರಡು ತಿಂಗಳಾಯ್ತು."

ಅಲ್ಲಿಗೆ ಮುಗಿಯಿತು. ಮನೆಯನ್ನು ಬಹಳ ದಿನ ಖಾಲಿ ಬಿಡುವುದಾದರೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬ ಷರತ್ತು ಅವರ ಪಾಲಿಸಿಯಲ್ಲಿತ್ತು. ಕಂಪನಿ ಒಂದು ರೂಪಾಯಿಯನ್ನೂ ಕೊಡಲಿಲ್ಲ.

ನಾರಾಯಣಮ್ಮನಿಗೆ ಮೈಯೆಲ್ಲ ಉರಿಯಿತು. ಪಾಲಿಸಿ ಮಾರುವಾಗ ಆ ಏಜೆಂಟು ಇದೇ ಜಗುಲಿಯ ಮೇಲೆ ಕೂತು ಕಾಫಿ ಕುಡಿದಿದ್ದ. ಈ ಷರತ್ತಿನ ಬಗ್ಗೆ ಉಸಿರೆತ್ತಿರಲಿಲ್ಲ. ಹಣ ಕೇಳುವಾಗ ಸಿಹಿಯಾದ ಕನ್ನಡ, ಷರತ್ತು ಹಾಕುವಾಗ ಇರುವೆ ಸಾಲಿನಂಥ ಇಂಗ್ಲಿಷು. ಇದೆಂಥ ನ್ಯಾಯ? ಫೋನ್ ಮಾಡಿ ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಆಮೇಲೆ ಗಂಡನ ಕಡೆ ತಿರುಗಿದರು.

"ಕಳ್ಳರಿಗೆ ಗೊತ್ತಾಗ್ಬಾರ್ದು ಅಂತ ಎಲ್ಲರ ಹತ್ರನೂ ಮುಚ್ಚಿಟ್ರಿ. ಕಳ್ಳರಿಗೆ ಗೊತ್ತಾಯ್ತು. ಗೊತ್ತಿಲ್ದೆ ಇದ್ದಿದ್ದು ಕಂಪನಿಯವ್ರಿಗೆ ಮಾತ್ರ."

ಗಂಗಾಧರಯ್ಯನವರಿಗೆ ಮಗಳ ಮುಖ ನೋಡಲಾಗಲಿಲ್ಲ. ಮಾರನೇ ದಿನ ತಾವೇ ಕಲ್ಯಾಣಿಯನ್ನು ಕರೆದುಕೊಂಡು ಕಂಪನಿಯ ಕಚೇರಿಗೆ ಹೋದರು. ಉಳಿದ ಸಾಮಾನಿಗಾದರೂ ರಕ್ಷಣೆ ಇರಲಿ ಎಂದು, ರಿಪೇರಿ ಮುಗಿಯುವ ತನಕದ ಒಪ್ಪಿಗೆಯನ್ನು ಬರಹದಲ್ಲೇ ಪಡೆದರು. ಕಂಪನಿಯವರು ಹೇಳಿದಂತೆ ಕಿಟಕಿಗೆ ಕಬ್ಬಿಣದ ಗ್ರಿಲ್ ಹಾಕಿಸಿದರು.

ಮೊನ್ನೆ ಅದೇ ಬೀದಿಯ ಚೂಡಾಮಣಿ, ತನ್ನ ಮನೆಯನ್ನು ರಿಪೇರಿಗೆ ಬಿಟ್ಟು ಬೇರೆ ಕಡೆ ಹೋದವಳು, ಬೆಳಗ್ಗೆ ಬಂದು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಳು. ನಾರಾಯಣಮ್ಮ ಅವಳ ಕೈಯಿಂದ ರಂಗೋಲಿ ಡಬ್ಬ ಕಿತ್ತುಕೊಂಡರು.

"ಮೊದ್ಲು ಇನ್ಶೂರೆನ್ಸ್‌ನವ್ರಿಗೆ ಬರೆದು ತಿಳಿಸಿ ಬಾ. ಡಬ್ಬ ಆಮೇಲೆ ಕೊಡ್ತೀನಿ."

ನಿಮಗೂ ಅದೇ ಮಾತು. ರಿಪೇರಿಗೆಂದು ಮನೆ ಬಿಡುವ ಮುಂಚೆ ಪಾಲಿಸಿ ತೆಗೆದು ನೋಡಿ. ರಕ್ಷಣೆ ಗೋಡೆಗಳಿಗೆ ಮಾತ್ರವೋ, ಒಳಗಿನ ಸಾಮಾನಿಗೂ ಇದೆಯೋ, ಕಳ್ಳತನವೂ ಸೇರಿದೆಯೋ, ಎಷ್ಟು ದಿನ ಮನೆ ಖಾಲಿ ಬಿಡಬಹುದು ಎಂದು ಕಂಪನಿಯವರನ್ನು ಕೇಳಿ. ಅರ್ಥವಾಗದಿದ್ದರೆ ಕನ್ನಡದಲ್ಲಿ ಹೇಳಿ ಎಂದು ಪಟ್ಟು ಹಿಡಿಯಿರಿ, ದುಡ್ಡು ನಿಮ್ಮದು. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ರಮ್ಯ ದುಡಿದು ಕೊಂಡ ಸಾಮಾನು ವಾಪಸ್ ಬರಲಿಲ್ಲ. ನಿಮ್ಮದು ಹೋಗುವ ಮುಂಚೆಯೇ ಕಂಪನಿಗೆ ಬರೆಯಿರಿ.