ಸೇತುವೆಯ ಬಳಿ ನಿಂತು ಕೈಬೀಸಿದವಳು

“ನಂಗೇನೂ ಸುಸ್ತಿಲ್ಲ ಕಣೇ” ಎನ್ನುತ್ತಲೇ ಕುರ್ಚಿಗೆ ಕುಸಿಯುವ ಗಂಡಸರು ಯಾರ ಮನೆಯಲ್ಲಿಲ್ಲ ಹೇಳಿ? ಈ ಹೊಲಿಗೆಯಾಕೆಯ ಮನೆಯಲ್ಲೂ ಒಬ್ಬರಿದ್ದರು. ಮನೆ ಮುಂದಿನ ಅಂಗಡಿಯಲ್ಲಿ ಒಂದು ಬದಿ ಅವಳ ಹೊಲಿಗೆ, ಇನ್ನೊಂದು ಬದಿ ಗಂಡನ ವಾಚ್ ರಿಪೇರಿ. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಷ್ಟು ಚಕ್ರಗಳ ಜೊತೆ ಗುದ್ದಾಡುವ ಅವರಿಗೆ ಬೈಕಿನ ದೊಡ್ಡ ಚಕ್ರಗಳೆಂದರೆ ಪ್ರಾಣ. ವರ್ಷಕ್ಕೊಮ್ಮೆ ನಡೆಯುವ ದೂರದ ಸವಾರಿಗೆ ತಪ್ಪದೆ ಹೆಸರು ಕೊಡುತ್ತಿದ್ದರು. ಹೇಳಿದ ಹೊತ್ತಿನೊಳಗೆ ಹೇಳಿದಷ್ಟು ದೂರ ಮುಟ್ಟಿದರೆ ಒಂದು ಪದಕ.

ಅವಳು ಬೇಡವೆಂದವಳಲ್ಲ. ಅವರ ಜಾಕೆಟ್ಟಿನ ಮೊಣಕೈಗೆ ದಪ್ಪ ಪಟ್ಟಿ ಹೊಲಿದುಕೊಟ್ಟವಳೂ ಅವಳೇ. ಆದರೆ ಈ ಸಲ ಅಭ್ಯಾಸದ ಸವಾರಿ ಮುಗಿಸಿ ಅವರು ಬಂದ ಸಂಜೆ, ಅವರ ಹಿಂದೆಯೇ ಏದುಸಿರು ಬಿಡುತ್ತ ಅವಳೂ ಹೊರಗಿನಿಂದ ಬಂದಳು.

“ಎಲ್ಲಿಗೆ ಹೋಗಿದ್ದೆ?”

“ಸೇತುವೆ ಹತ್ರ. ಪೆಟ್ರೋಲ್ ಬಂಕಿಂದ ಫೋನ್ ಮಾಡಿದ್ರಲ್ಲ, ನೀರು ಕೊಡೋಣ ಅಂತ ನಿಂತಿದ್ದೆ. ಕೈಬೀಸಿದೆ, ಕೂಗಿದೆ. ಎದುರಿಗೇ ಹಾದು ಹೋದ್ರಿ.”

“ಹೆಲ್ಮೆಟ್ಟಲ್ಲಿ ಕೇಳಿಸಿರಲ್ಲ ಬಿಡು.”

“ಕೇಳಿಸದಿದ್ರೆ ಹೋಗ್ಲಿ ರೀ. ನನ್ನ ಮುಖಾನೇ ನೋಡ್ತಾ ಹೋದ್ರಿ. ಗುರುತೇ ಸಿಗಲಿಲ್ಲ ನಿಮಗೆ.”

“ಸೇತುವೆ...” ಎಂದು ಶುರುಮಾಡಿದವರು ಅಲ್ಲಿಗೇ ನಿಂತರು. ಸೇತುವೆ ದಾಟಿದ್ದೇ ಅವರಿಗೆ ನೆನಪಿಲ್ಲವೆಂದು ಅವಳಿಗೆ ತಿಳಿದುಹೋಯಿತು. ಬೈಕಿನ ಕೀಲಿ ತೆಗೆದು ಗುಂಡಿಗಳ ಡಬ್ಬಿಗೆ ಹಾಕಿ ಮುಚ್ಚಿದಳು.

ಮರುದಿನ ಪಕ್ಕದ ಬೀದಿಯ ನರ್ಸಮ್ಮ ಯೂನಿಫಾರ್ಮ್ ಬಿಗಿ ಮಾಡಿಸಲು ಬಂದಳು. ಅವಳೂ ದೂರದ ಬೈಕ್ ಸವಾರಿಗೆ ಹೋಗುವವಳೇ.

“ಏನಕ್ಕ, ಅಣ್ಣನ ಮುಖ ನಿಂತ ಗಡಿಯಾರ ಆಗಿದೆ?”

ಹೊಲಿಗೆಯಾಕೆ ಎಲ್ಲ ಹೇಳಿದಳು. ನರ್ಸಮ್ಮ ನಗು ನಿಲ್ಲಿಸಿ ಸ್ಟೂಲ್ ಎಳೆದುಕೊಂಡಳು.

“ಅಣ್ಣಾ, ದಾರೀಲಿ ನೀರೆಷ್ಟು ಕುಡಿದ್ರಿ?”

“ಕುಡಿದ್ರೆ ಆಮೇಲೆ ಇಳೀಬೇಕಲ್ಲಮ್ಮ! ನಮ್ಮ ಸವಾರರ ಗುಟ್ಟೇ ಅದು. ಪೆಟ್ರೋಲಿಗೆ ಬಿಟ್ರೆ ಕಾಲು ನೆಲಕ್ಕಿಡಬಾರದು.”

“ಹಿಂದಿನ ರಾತ್ರಿ ನಿದ್ದೆ?”

“ಚೈನು, ಬ್ರೇಕು ಅಂತ ನೋಡೋಷ್ಟರಲ್ಲಿ ಬೆಳಗಾಯ್ತು.”

“ಬೈಕನ್ನ ಅಷ್ಟು ಚೆನ್ನಾಗಿ ನೋಡ್ಕೊಂಡ್ರಿ, ಓಡಿಸೋರನ್ನ ಮರೆತ್ರಿ.”

“ನಾನೇನೂ ತೂಕಡಿಸಿಲ್ಲ ಕಣಮ್ಮ. ಕಣ್ಣು ಬಿಟ್ಕೊಂಡೇ ಇದ್ದೆ.”

“ಕಷ್ಟ ಇರೋದೇ ಅಲ್ಲಿ. ಒಂದು ಗಳಿಗೆ ನಿಂತು, ತಾನಾಗೇ ಮತ್ತೆ ನಡೆಯೋ ವಾಚು ನೀವು ನೋಡಿಲ್ವಾ? ಮೇಲಿಂದ ನೋಡಿದ್ರೆ ಸರಿಯಾಗೇ ಇರುತ್ತೆ. ದಣಿದ ತಲೆನೂ ಹಾಗೇ. ಕಣ್ಣು ತೆರೆದಿರುವಾಗಲೇ ಕೆಲವು ಕ್ಷಣ ಮಲಗಿಬಿಡುತ್ತೆ. ಬೈಕು ಮಾತ್ರ ಓಡ್ತಾನೇ ಇರುತ್ತೆ.”

ಅವರ ಕೈಯಲ್ಲಿದ್ದ ಚಿಮಟ ಮೇಜಿಗಿಳಿಯಿತು. ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು.

“ನೀನು ರಸ್ತೆಗೆ ಎಷ್ಟು ಹತ್ರ ನಿಂತಿದ್ದೆ?”

ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. “ಬಾಟ್ಲಿ ನಿಮ್ಮ ಕೈಗೆ ಎಟುಕುವಷ್ಟು.”

ಅವರು ಕಣ್ಣಿನ ಭೂತಗನ್ನಡಿ ಕಳಚಿಟ್ಟರು.

“ಈ ಸಲ ಹೋಗಲ್ಲ ಬಿಡು,” ಎಂದರು.

“ಹೋಗಬೇಡಿ ಅಂದೋರು ಯಾರು? ನಾನೂ ಬರ್ತಿದ್ದೀನಿ,” ಎಂದಳು ನರ್ಸಮ್ಮ. “ಸವಾರಿಗೆ ಮುಂಚಿನ ದಿನಗಳಲ್ಲಿ ಕಣ್ತುಂಬ ನಿದ್ದೆ ಮಾಡಿ. ದಾರಿಯುದ್ದಕ್ಕೂ ಗುಟುಕು ಗುಟುಕು ನೀರು ಕುಡೀರಿ. ಸುಸ್ತಾಗೋಕೆ ಮುಂಚೆನೇ ನಿಲ್ಲಿ.”

“ಟೀ ಕುಡಿದ್ರೆ ಸಾಲದಾ?”

“ಟೀ ನಿದ್ದೆನ ಸ್ವಲ್ಪ ಮುಂದಕ್ಕೆ ತಳ್ಳುತ್ತೆ ಅಷ್ಟೇ. ಕಣ್ಣೆಳೆದ್ರೆ ಮಲಗಲೇಬೇಕು. ಎದ್ದ ತಕ್ಷಣ ಗಾಡಿ ಹತ್ತಬೇಡಿ, ನಾಲ್ಕು ಹೆಜ್ಜೆ ಓಡಾಡಿ. ಅಕ್ಕಾ, ನೀವೂ ಅವರು ಓಡಿಸುವಾಗ ಫೋನ್ ಮಾಡಬೇಡಿ. ನಿಂತಾಗ ಅವರೇ ಮಾಡ್ಲಿ.”

“ಹಿಂದಿನ ದಿನ ಸಂಜೆಗೇ ಮಲಗಿದ್ರೆ ಬೆಳಿಗ್ಗೆ ಕೀಲಿ ಕೊಡ್ತೀನಿ,” ಎಂದಳು ಹೊಲಿಗೆಯಾಕೆ. ಅವರು ಮಗುವಿನಂತೆ ತಲೆಯಾಡಿಸಿದರು.

ಸವಾರಿಯ ದಿನ ಅವರು ನಿಂತಲ್ಲೆಲ್ಲ ಫೋನ್ ಮಾಡಿದರು. ಕತ್ತಲಾಗುವ ಹೊತ್ತಿಗೆ ಬಂದ ಕರೆಯಲ್ಲಿ ದನಿ ಸಣ್ಣದಾಗಿತ್ತು.

“ಲಾಡ್ಜಲ್ಲಿದ್ದೀನಿ ಕಣೇ. ಎರಡು ಸಲ ತಿರುವು ತಪ್ಪಿದೆ. ಇನ್ನು ಓಡಿಸೋದು ಬೇಡ ಅನ್ನಿಸ್ತು.”

“ಪದಕ?”

“ಈ ವರ್ಷ ಇಲ್ಲ.”

“ಕಾಲು ತೊಳ್ಕೊಂಡು, ಬೆಚ್ಚಗೆ ಹೊದ್ಕೊಂಡು ಮಲಗಿ,” ಎಂದಳು ಅವಳು.

ಮರುದಿನ ಮಧ್ಯಾಹ್ನ ಅವರು ಬಂದಾಗ ಅಂಗಡಿಯಲ್ಲಿದ್ದ ಗಿರಾಕಿಯೊಬ್ಬ ಛೇಡಿಸಿದ: “ವಾಚ್ ರಿಪೇರಿಯವರೇ ಲೇಟಾ!”

“ಲೇಟೇ ಕಣಪ್ಪ. ಮುಂದಿನ ವರ್ಷವೂ ನಿದ್ದೆ ಬಂದ್ರೆ ಲೇಟೇ,” ಎಂದು ಅವರು ನಕ್ಕರು.

ಓದುತ್ತಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ದೂರದ ಸವಾರಿ ಚೆಂದದ ಹವ್ಯಾಸ. ಖಂಡಿತ ಹೋಗಿ ಬನ್ನಿ. ಆದರೆ ಆಕಳಿಕೆ ನಿಲ್ಲದಿದ್ದರೆ, ತಿರುವು ತಪ್ಪಿದರೆ, ಈಗಷ್ಟೇ ದಾಟಿದ ಊರು ನೆನಪಾಗದಿದ್ದರೆ ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ, ಮಲಗಿ. ಮನೆಯಲ್ಲಿರುವವರೇ, ಬಂದವರನ್ನು ‘ಎಷ್ಟು ಬೇಗ ಬಂದೆ’ ಎಂದು ಹೊಗಳಬೇಡಿ. ‘ಎಲ್ಲೆಲ್ಲಿ ನಿಂತೆ’ ಎಂದು ಕೇಳಿ. ನಾಳೆ ನಿಮ್ಮ ಮನೆಯಿಂದ ಯಾರಾದರೂ ಹೊರಡುವುದಿದ್ದರೆ, ಇವತ್ತು ಅವರ ಕೋಣೆಯ ದೀಪವನ್ನು ಬೇಗ ಆರಿಸಿ.